ಗೇರೆಷ್ಟು ಅಲ್ಲ, ಅಂತರವೆಷ್ಟು

ಹಳೆಯ ಮೋಟಾರ್‌ಸೈಕಲ್ಲನ್ನು ರೇಸಿಗೆ ಸಜ್ಜು ಮಾಡುವವರ ಮಾತು ಶುರುವಾಗುವುದೇ ಎಂಜಿನ್ನಿನಿಂದ. ಕಾರ್ಬ್ಯುರೇಟರ್ ಯಾವುದು, ಪಿಸ್ಟನ್ ಯಾವುದು, ಸೈಲೆನ್ಸರ್ ಎಂಥದ್ದು ಎಂದು ಗಂಟೆಗಟ್ಟಲೆ ಚರ್ಚೆ. ಅದರ ಹಿಂದೆ ಎಣ್ಣೆಯಲ್ಲಿ ಮುಳುಗಿ ಕೂತ ಗೇರ್‌ಬಾಕ್ಸಿನ ಸರದಿ ಬರುವುದು ಕೊನೆಗೆ. ಬಂದಾಗಲೂ ಕೇಳುವುದು ಒಂದೇ ಪ್ರಶ್ನೆ: ಎಷ್ಟು ಗೇರು? ನನ್ನ ಪ್ರಕಾರ ಆ ಪ್ರಶ್ನೆಯೇ ಅಡ್ಡದಾರಿ. ಕೇಳಬೇಕಾದ್ದು ಒಂದು ಗೇರಿಗೂ ಮುಂದಿನ ಗೇರಿಗೂ ಅಂತರವೆಷ್ಟು ಎಂದು. ಗೇರ್‌ಬಾಕ್ಸು ಗುಲಗಂಜಿಯಷ್ಟೂ ಶಕ್ತಿ ಹುಟ್ಟಿಸುವುದಿಲ್ಲ; ಸವೆತ, ತಿಕ್ಕಾಟಗಳಲ್ಲಿ ತಾನೇ ಒಂದಿಷ್ಟು ತಿಂದುಹಾಕುತ್ತದೆ. ಅದರ ಉಪಕಾರವೇನಿದ್ದರೂ ಎಂಜಿನ್ ಯಾವ ವೇಗದಲ್ಲಿ ಹುರುಪಾಗಿ ಉಸಿರಾಡುತ್ತದೋ ಅಲ್ಲೇ ಅದನ್ನು ಹಿಡಿದಿಡುವುದು. ರೇಸ್ ಗೇರ್‌ಬಾಕ್ಸಿನ ಚರಿತ್ರೆಯೆಂದರೆ ಈ ಹಿಡಿದಿಡುವ ಕಲೆಯ ಚರಿತ್ರೆ.

ಮೊದಮೊದಲ ಬೈಕುಗಳಲ್ಲಿ ಹೆಚ್ಚಿನವಕ್ಕೆ ಗೇರೇ ಇರಲಿಲ್ಲ; ಎಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ನೇರ ಒಂದು ಬೆಲ್ಟು, ಅಷ್ಟೆ. 1911ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ರೇಸು ಬೆಟ್ಟ ಹತ್ತಿಳಿಯುವ ಸುಮಾರು 60 ಕಿಲೋಮೀಟರಿನ ಸುತ್ತಿಗೆ ಬಂತು. ಸೀನಿಯರ್ ರೇಸಿನ ಮೊದಲ ಮೂರೂ ಸ್ಥಾನಗಳನ್ನು ಅಮೆರಿಕದ ಇಂಡಿಯನ್ ಬೈಕುಗಳು ಬಾಚಿಕೊಂಡವು. ಅವಕ್ಕಿದ್ದದ್ದು ಚೈನು ಮತ್ತು ಎರಡು ಗೇರು. ಆಮೇಲೆ ಮೂರಾಯಿತು, ನಾಲ್ಕಾಯಿತು. ಆ ಲೆಕ್ಕವನ್ನು ಬೇಗ ದಾಟಿಬಿಡೋಣ. ನಿಲ್ಲಬೇಕಾದ್ದು ಹೆರಾಲ್ಡ್ ವಿಲ್ಲಿಸ್ ಹತ್ತಿರ. ಬರ್ಮಿಂಗ್‌ಹ್ಯಾಮಿನ ವೆಲೊಸೆಟ್ ಕಂಪನಿಯ ಎಂಜಿನಿಯರ್ ಈತ, ಅದೇ ಕಂಪನಿಯ ರೇಸ್ ಸವಾರ ಕೂಡ. ಎಂಜಿನ್ ಓಡುತ್ತಿರುವಾಗ ವಾಲ್ವಿನ ಸ್ಪ್ರಿಂಗು ಹೇಗೆ ಕುಣಿಯುತ್ತದೆಂದು ಮಿನುಗುವ ದೀಪದ ಬೆಳಕಿನಲ್ಲಿ ನೋಡಿದವನು. ಆಗ ಗೇರ್ ಲಿವರು ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿತ್ತು. ಗೇರು ಬದಲಿಸಲು ಸವಾರ ಹ್ಯಾಂಡಲ್ಲಿನಿಂದ ಕೈ ತೆಗೆಯಬೇಕು, ಅದೂ ಆಕ್ಸಿಲರೇಟರ್ ಹಿಡಿದ ಬಲಗೈಯನ್ನೇ. ವಿಲ್ಲಿಸ್ ಆ ಕೆಲಸವನ್ನು ಕಾಲಿಗೆ ವಹಿಸಿದ. ಬರೀ ಕಾಲಿಗೆ ವಹಿಸಿದ್ದರೆ ಸಾಲದು, ಕಾಲಿಗೆ ಕೈಯಷ್ಟು ನಾಜೂಕು ತಿಳಿಯದು. ಒತ್ತಿದ ರಭಸಕ್ಕೆ ಎರಡು ಗೇರು ದಾಟಿಬಿಡಬಹುದು. ಅದಕ್ಕೆ ಆತ ಒಂದು ಒತ್ತಿಗೆ ಒಂದೇ ಗೇರು ಸರಿದು, ಲಿವರು ತಾನಾಗಿ ಮೊದಲಿನ ಜಾಗಕ್ಕೆ ಮರಳುವ ಏರ್ಪಾಡು ಮಾಡಿದ. 1928ರ ಜೂನಿಯರ್ ಟಿಟಿಯಲ್ಲಿ ವೆಲೊಸೆಟ್ ಸವಾರ ಅಲೆಕ್ ಬೆನೆಟ್ ಮೊದಲಿಗನಾದ, ವಿಲ್ಲಿಸ್ ಎರಡನೆಯವನಾದ. ಇವತ್ತು ನಮ್ಮ ಬೀದಿಯ ಬೈಕು ಕಾಲಡಿಯಲ್ಲಿ ‘ಟಕ್’ ಎನ್ನುವುದು ಆ ತಲೆಯಿಂದ ಬಂದದ್ದು. ಗಮನಿಸಿ, ವಿಲ್ಲಿಸ್ ಒಂದು ಗೇರನ್ನೂ ಹೆಚ್ಚಿಸಲಿಲ್ಲ. ಎಂಜಿನ್ನಿನ ಉಸಿರು ಕಟ್ಟುತ್ತಿದ್ದ ಹೊತ್ತನ್ನು ಕಡಿಮೆ ಮಾಡಿದ.

ಅಂತರದ ಮಾತಿಗೆ ಒಳ್ಳೆಯ ಸಾಕ್ಷಿ ಬಿಎಸ್‌ಎ ಕಂಪನಿಯ ಗೋಲ್ಡ್ ಸ್ಟಾರ್ ಬೈಕು. 500 ಸಿಸಿಯ ಈ ಒಂಟಿ ಸಿಲಿಂಡರಿಗೆ ಆರ್‌ಆರ್‌ಟಿ2 ಎಂಬ ಗೇರ್‌ಬಾಕ್ಸು ಸಿಗುತ್ತಿತ್ತು. ಗೇರು ನಾಲ್ಕೇ. ಅನುಪಾತಗಳು ಮೊದಲನೆಯದು 1.754, ಎರಡನೆಯದು 1.326, ಮೂರನೆಯದು 1.099, ನಾಲ್ಕನೆಯದು 1. ಎಂಜಿನ್ನನ್ನು ನಿಮಿಷಕ್ಕೆ 7000 ಸುತ್ತಿಗೆ ಏರಿಸಿ ಮೂರರಿಂದ ನಾಲ್ಕಕ್ಕೆ ಹಾಕಿದರೆ ಅದು ಇಳಿಯುವುದು ಸುಮಾರು 6370ಕ್ಕೆ ಮಾತ್ರ. ಎರಡರಿಂದ ಮೂರಕ್ಕೆ ಹಾಕಿದರೆ 5800ಕ್ಕೆ. ಮೇಲೆ ಹೋದಂತೆ ಮೆಟ್ಟಿಲು ಗಿಡ್ಡವಾಗುತ್ತದೆ, ಯಾಕೆಂದರೆ ವೇಗ ಏರಿದಷ್ಟೂ ಎದುರುಗಾಳಿ ಬಲವಾಗುತ್ತದೆ, ಅಲ್ಲಿ ಎಂಜಿನ್ ಎಡವುವಂತಿಲ್ಲ. ಅಂತರ ಕಿರಿದಾಗಿಸಲು ಬಾಕ್ಸು ಬಿಚ್ಚಬೇಕೇ, ಹಿಂದಿನ ಚಕ್ರದ ಸ್ಪ್ರಾಕೆಟ್ ಬದಲಿಸಿದರೆ ಸಾಲದೇ ಎನ್ನಬಹುದು. ಸಾಲದು. ಸ್ಪ್ರಾಕೆಟ್ ಬದಲಿಸುವುದೆಂದರೆ ಇಡೀ ಏಣಿಯನ್ನು ಎತ್ತಿ ಬೇರೆಡೆ ಒರಗಿಸಿದಂತೆ; ಮೆಟ್ಟಿಲುಗಳ ನಡುವಿನ ಅಂತರ ಇದ್ದಷ್ಟೇ ಇರುತ್ತದೆ. ಮೊದಲ ಗೇರು ಇಷ್ಟು ಎತ್ತರವಾದರೆ ಹೊರಡುವಾಗ ಕ್ಲಚ್ ಸುಡುವುದಿಲ್ಲವೇ ಎಂಬ ಆಕ್ಷೇಪಣೆ ಮಾತ್ರ ನಿಜ. ಊರೊಳಗಿನ ಸಿಗ್ನಲ್ಲುಗಳಲ್ಲಿ ಇದು ಶಿಕ್ಷೆಯೇ. ಆದರೆ ರೇಸಿನಲ್ಲಿ ಹೊರಡುವುದು ಒಂದು ಸಲ, ತಿರುವಿನಿಂದ ಏಳುವುದು ನೂರು ಸಲ.

ಹಾಗಾದರೆ ಸುಝುಕಿ? 1967ರ ಅವರ 50 ಸಿಸಿ ರೇಸ್ ಬೈಕಿಗೆ 14 ಗೇರಿದ್ದವಲ್ಲ ಎಂದು ನೀವು ನನ್ನನ್ನು ಕಟ್ಟಿಹಾಕಬಹುದು. ಆ ಪುಟಾಣಿ ಎಂಜಿನ್ 17,000 ಸುತ್ತು ದಾಟುತ್ತಿತ್ತು, ಆದರೆ ಅದರ ಜೀವವೆಲ್ಲ ಕೆಲವೇ ನೂರು ಸುತ್ತುಗಳ ಕಿರಿದಾದ ಪಟ್ಟಿಯಲ್ಲಿತ್ತು. ಪಟ್ಟಿ ಕಿರಿದಾದ್ದರಿಂದ ಅಂತರ ಕಿರಿದಾಯಿತು, ಅಂತರ ಕಿರಿದಾದ್ದರಿಂದ ಗೇರು ಹದಿನಾಲ್ಕಾದವು. ಸಂಖ್ಯೆ ಅಲ್ಲಿ ಪರಿಣಾಮ, ಕಾರಣವಲ್ಲ. 1969ರಿಂದ 50 ಸಿಸಿ ವರ್ಗಕ್ಕೆ ಆರೇ ಗೇರೆಂಬ ನಿಯಮ ಬಂತು. ಹುಚ್ಚಾದರೂ ಚೆಂದದ ಆ ಹುಚ್ಚಿಗೆ ತೆರೆ ಬಿತ್ತು. ಅಗಲವಾದ ಉಸಿರಿನ ಹಳೆಯ ಒಂಟಿ ಸಿಲಿಂಡರಿಗೆ ಅಷ್ಟು ಗೇರು ತುರುಕಿದರೆ ಪ್ರತಿ ಬದಲಾವಣೆಗೂ ಹೊತ್ತು ಪೋಲು, ಗೇರಿನ ಹಲ್ಲುಚಕ್ರಗಳೂ ತೆಳುವಾಗಿ ಬಲ ಕಳೆದುಕೊಳ್ಳುತ್ತವೆ.

ಇನ್ನು ಹಾಕಿದ ಗೇರು ತಾನೇ ಕಳಚಿ ಹಾರುವ ಕಾಟ. ಹಳೆಯ ಬಾಕ್ಸು ಬಿಚ್ಚಿದರೆ ಚಕ್ರಗಳ ಪಕ್ಕೆಯಲ್ಲಿ ಗಿಡ್ಡ ಗೂಟಗಳು ಕಾಣುತ್ತವೆ, ಡಾಗ್ ಎನ್ನುತ್ತಾರೆ. ಒಂದರ ಗೂಟ ಇನ್ನೊಂದರ ಸಂದಿನಲ್ಲಿ ಕೂತರೆ ಗೇರು ಬಿದ್ದಂತೆ. ಬಡಿದು ಬಡಿದು ಅಂಚು ಮೊಂಡಾದರೆ, ಎಳೆತ ಜೋರಾದ ಕ್ಷಣದಲ್ಲೇ ಅವು ಒಂದನ್ನೊಂದು ಹೊರದೂಡುತ್ತವೆ. ಬಲ್ಲವರು ಗೂಟದ ಮುಖವನ್ನು ಎರಡು ಮೂರು ಡಿಗ್ರಿ ಒಳಮುಖವಾಗಿ ಉಜ್ಜುತ್ತಾರೆ. ಆಗ ಎಳೆದಷ್ಟೂ ಬಿಗಿಯುತ್ತವೆ. ಜಾಸ್ತಿ ಉಜ್ಜಿದರೆ ಉಕ್ಕಿನ ಗಟ್ಟಿ ಮೇಲ್ಪದರವೇ ಹೋದೀತು. ಹಳೆಯದನ್ನು ಹೀಗೆ ತಿದ್ದುವುದು ಅಪಚಾರವೆಂದು ಮರುಗುವವರಿದ್ದಾರೆ. ಮ್ಯೂಸಿಯಮ್ಮಿನ ಬೈಕಿಗೆ ಆ ಮಾತು ಸರಿ. ರೇಸಿನ ಬೈಕಿಗೆ ಅಲ್ಲ; 1960ರ ದಶಕದಲ್ಲೇ ಇಂಗ್ಲೆಂಡಿನ ರಾಡ್ ಕ್ವೈಫ್ ಬ್ರಿಟಿಷ್ ರೇಸ್ ಬೈಕುಗಳಿಗೆಂದು ಹೊಸ ಗೇರ್‌ಬಾಕ್ಸು ಮಾಡಿಕೊಡುತ್ತಿದ್ದರು. ತಿದ್ದುವುದೇ ಆ ಬೈಕುಗಳ ಸಂಪ್ರದಾಯ. ಮುಂದೆ ಯಾರಾದರೂ ಹಳೆಯ ಬೈಕು ತೋರಿಸಿ ಗೇರೆಷ್ಟು ಎಂದು ಹೆಮ್ಮೆಯಿಂದ ಹೇಳಿದರೆ, ಮೂರರಿಂದ ನಾಲ್ಕಕ್ಕೆ ಹಾಕಿದಾಗ ಎಂಜಿನ್ ಎಷ್ಟು ಇಳಿಯುತ್ತದೆ ಎಂದು ಕೇಳಿ ನೋಡಿ.