ತೋಡಿಗೆ ಬಿಟ್ಟ ನೀರು ಎಲ್ಲಿಗೆ ಹೋಗುತ್ತದೆ?
(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನೀಡಿದ ಮಾಹಿತಿ)



ಕೊಡಗಿನವರಾದ ನಮಗೆ ಸಮುದ್ರ ದೂರ. ಆದ್ರೆ ನಮ್ಮ ನೀರಿಗೆ ದೂರವಿಲ್ಲ. ಕಾವೇರಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ನಮ್ಮ ಬೆಟ್ಟದಲ್ಲೇ ಹುಟ್ಟುವ ಪಯಸ್ವಿನಿ ಸುಳ್ಯ ದಾಟಿ ಕಾಸರಗೋಡಿನ ಹತ್ತಿರ ಅರಬ್ಬೀ ಸಮುದ್ರ ಸೇರುತ್ತದೆ. ನಾವು ತೋಡಿಗೆ ಬಿಟ್ಟದ್ದರಲ್ಲಿ ಅಲ್ಲಿನ ಮೀನು ಬದುಕಬೇಕು. ಸಂತೆಯಲ್ಲಿ ಮೀನು ಕೊಳ್ಳುವವರೂ ನಾವೇ ತಾನೆ?

ಮುಟ್ಟು, ಬಸಿರು, ಮಕ್ಕಳ ಬೆಳವಣಿಗೆ, ಥೈರಾಯ್ಡ್ ಎಲ್ಲವೂ ಹಾರ್ಮೋನಿನ ಕೆಲಸ. ಬಹಳ ಕಡಿಮೆ ಪ್ರಮಾಣದಲ್ಲೇ ಅದು ದೇಹಕ್ಕೆ ಸುದ್ದಿ ಮುಟ್ಟಿಸುತ್ತದೆ. ಕೆಲವು ರಾಸಾಯನಿಕಗಳು ಹಾರ್ಮೋನಿನ ವೇಷ ಹಾಕಿ ಸುಳ್ಳು ಸುದ್ದಿ ಕೊಡ್ತವೆ. 1990ರ ದಶಕದಲ್ಲಿ ಇಂಗ್ಲೆಂಡಿನ ನದಿಗಳಲ್ಲಿ, ಕೊಳಚೆ ನೀರು ಬಂದು ಸೇರುವ ಕಡೆ, ಗಂಡು ಮೀನುಗಳ ಒಳಗೆ ಮೊಟ್ಟೆ ಸಿಕ್ಕಿತು. ಕಾರಣ ಮನುಷ್ಯರ ಮೂತ್ರದಲ್ಲಿ ಹೋಗುವ ಹಾರ್ಮೋನು, ಗರ್ಭನಿರೋಧಕ ಮಾತ್ರೆಯ ಅಂಶ, ಕೆಲವು ಮಾರ್ಜಕಗಳು. ಇದನ್ನು ಕೇಳಿ ಹೆಂಗಸರ ಮೇಲೆ ಬೆರಳು ತೋರಿಸುವವರಿದ್ದಾರೆ. ಅದು ತಪ್ಪು. ಮೂತ್ರ ಎಲ್ಲರದ್ದೂ, ಶುದ್ಧ ಮಾಡದೆ ಬಿಟ್ಟ ಚರಂಡಿ ಊರಿನದ್ದು.

ಕಾವೇರಿ ನೀರಿನಲ್ಲೂ ನೋವಿನ ಮಾತ್ರೆ, ಬಿ.ಪಿ. ಮಾತ್ರೆಗಳ ಅಂಶ ಇರುವುದನ್ನು ಚೆನ್ನೈನ ಐಐಟಿಯವರು 2021ರಲ್ಲಿ ತಿಳಿಸಿದರು. ಇವೆಲ್ಲ ಹಾರ್ಮೋನು ಕೆಡಿಸುವಂಥವಲ್ಲ. ಆದರೆ ನಾವು ನುಂಗಿದ್ದು ನದಿಗೆ ಮುಟ್ಟುತ್ತದೆ ಅನ್ನೋದು ಗೊತ್ತಾಯಿತಲ್ಲ.

ಎಂಡೋಸಲ್ಫಾನ್ ಹೆಸರು ನಿಮಗೆ ಹೊಸದಲ್ಲ. ಅದೂ ಹಾರ್ಮೋನು ಕೆಡಿಸುವ ವಿಷವೇ. ಕಾಸರಗೋಡಿನ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಲ್ಲಿ ಸುರಿದರು. ಕಾಫಿ ಕಾಯಿ ಕೊರಕಕ್ಕೆ ನಮ್ಮ ತೋಟಗಳಲ್ಲೂ ಹೊಡೆದದ್ದು ಹಿರಿಯರಿಗೆ ನೆನಪಿರಬಹುದು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿತು. ಅಷ್ಟರಲ್ಲಿ ಎಷ್ಟೋ ತಾಯಂದಿರ ಮಡಿಲಿಗೆ ಏಳಲಾರದ ಮಕ್ಕಳು ಬಂದಾಗಿತ್ತು.

ಮನೆಯಲ್ಲಿ ಆಗುವುದನ್ನು ನೋಡೋಣ. ಉಳಿದ ಮಾತ್ರೆಯನ್ನು ಕಕ್ಕಸಿಗೆ, ತೋಡಿಗೆ ಹಾಕಬೇಡಿ. ಔಷಧಿ ಹೊಡೆದ ಕ್ಯಾನನ್ನು ತೋಡಿನಲ್ಲಿ ತೊಳೆಯಲೇಬೇಡಿ, ಅದರಲ್ಲಿ ಕುಡಿಯುವ ನೀರು ತುಂಬಿಸಲೂಬೇಡಿ. ಬಿಸಿ ಸಾರನ್ನು ಪ್ಲಾಸ್ಟಿಕ್ ಕವರಿನಲ್ಲಿ ತರೋದು ಬಿಟ್ಟು ತೂಕುಪಾತ್ರೆ ಒಯ್ಯಿರಿ. ಬಚ್ಚಲು ನೀರಿಗೆ ಬಾವಿಯಿಂದ ದೂರದಲ್ಲಿ ಇಂಗುಗುಂಡಿ ತೆಗೆಸಿ.

ಲೈನ್ ಮನೆಗಳ ಕಕ್ಕಸು ಗುಂಡಿ ತುಂಬಿ ತೋಡಿಗೆ ಹರಿಯುವುದು ಮಾತ್ರ ನಮ್ಮೊಬ್ಬರಿಂದ ನಿಲ್ಲುವುದಿಲ್ಲ. ಮುಂದಿನ ಗ್ರಾಮಸಭೆಗೆ ಪ್ರತಿ ಸಂಘದಿಂದ ಐದು ಜನ ಬನ್ನಿ, ಅರ್ಜಿಯನ್ನು ಈ ವಾರದ ಸಭೆಯಲ್ಲೇ ಬರೆಯೋಣ.