ಮೂಗಿಗೂ ಜಾಗವಿರುವ ಕನ್ನಡಕ

ನನ್ನ ತಂಗಿಯ ಮಗಳಿಗೆ ಹನ್ನೆರಡು ವರ್ಷ. ಡಿಸೆಂಬರ್ ರಜೆಯಲ್ಲಿ ನಾವೆಲ್ಲ ಮುರುಡೇಶ್ವರಕ್ಕೆ ಹೋಗಿದ್ದಾಗ, ನೇತ್ರಾಣಿ ದ್ವೀಪಕ್ಕೆ ಹೊರಟಿದ್ದ ದೋಣಿಯೊಂದು ಅವಳ ಕಣ್ಣಿಗೆ ಬಿತ್ತು. ದೋಣಿಯ ತುಂಬ ಸಿಲಿಂಡರುಗಳು, ಕಪ್ಪು ಅಂಗಿಗಳು, ಬಾತುಕೋಳಿ ಪಾದದಂಥ ಫಿನ್‌ಗಳು. ದಡದಿಂದ ಸುಮಾರು 19 ಕಿಲೋಮೀಟರ್ ದೂರದ ಆ ದ್ವೀಪದ ಸುತ್ತ ನೀರು ತಿಳಿಯಾಗಿರುತ್ತದೆ, ಬಣ್ಣಬಣ್ಣದ ಮೀನುಗಳಿವೆ, ಹವಳಗಳಿವೆ. ಊರಿಗೆ ಮರಳಿದವಳೇ ಒಂದು ಪಟ್ಟಿ ಬರೆದು ನನ್ನ ಮುಂದೆ ಹಿಡಿದಳು: ಸಿಲಿಂಡರ್, ಕಪ್ಪು ಸೂಟ್, ಕೆಂಪು ಫಿನ್, ಕಾಲಿಗೆ ಕಟ್ಟುವ ಚಾಕು.

"ಮಾಮ, ಹುಂಡಿಯಲ್ಲಿ ಮೂರು ಸಾವಿರ ಇದೆ. ಮೊದಲು ಯಾವುದು ತಗೊಳ್ಳಲಿ?"

"ಚಾಕು ಯಾಕೆ?"

"ಶಾರ್ಕ್ ಬಂದರೆ?"

ಸಿನಿಮಾದ ಹಾವಳಿ ನೋಡಿ! ಮುಳುಗುಗಾರರು ಚಾಕು ಇಟ್ಟುಕೊಳ್ಳುವುದು ಶಾರ್ಕಿಗಲ್ಲ, ಹರಿದುಹೋದ ಮೀನುಬಲೆಯ ನೂಲು ಕಾಲಿಗೆ ಸುತ್ತಿಕೊಂಡರೆ ಕತ್ತರಿಸಲು. ಚಾಕುವನ್ನು ಪಟ್ಟಿಯಿಂದ ಹೊಡೆದುಹಾಕಿದೆ. ಆಮೇಲೆ ಸಿಲಿಂಡರನ್ನು. ಆಮೇಲೆ ಸೂಟನ್ನು. ಅವಳ ಮುಖ ಸಣ್ಣದಾಗುತ್ತಾ ಬಂತು. ಪಟ್ಟಿಯಲ್ಲಿ ಇಲ್ಲದಿದ್ದ ಒಂದು ಹೆಸರನ್ನು ನಾನೇ ಸೇರಿಸಿದೆ: ಮಾಸ್ಕ್.

"ಈಜುಕೊಳದ ಕನ್ನಡಕ ಮನೇಲೇ ಇದೆಯಲ್ಲ?" ಅಂದಳು. ನೀವೂ ಹಾಗೇ ಕೇಳುತ್ತೀರಿ ಅಂತ ಗೊತ್ತು. ಅದಕ್ಕೇ ಇಷ್ಟು ಬರೆಯಲು ಕುಳಿತೆ.

ಬಚ್ಚಲುಮನೆಯ ದೊಡ್ಡ ಬಕೆಟ್ಟಿಗೆ ನೀರು ತುಂಬಿಸಿ, ತಳದಲ್ಲಿ ಒಂದು ಹತ್ತು ರೂಪಾಯಿ ನಾಣ್ಯ ಹಾಕಿ. ಅಮ್ಮನೋ ಅಣ್ಣನೋ ಪಕ್ಕದಲ್ಲಿರಲಿ. ಮುಖ ಮುಳುಗಿಸಿ ಕಣ್ಣು ಬಿಡಿ. ನಾಣ್ಯ ಕಾಣುತ್ತದೆ, ಆದರೆ ಅಂಚೆಲ್ಲ ಕರಗಿದ ಹಾಗೆ. ಕಣ್ಣು ಕೆಟ್ಟಿತೆಂದು ಹೆದರಬೇಡಿ. ಬೆಳಕು ಗಾಳಿಯಿಂದ ಕಣ್ಣಿನ ಒದ್ದೆ ಮೈಯೊಳಗೆ ನುಗ್ಗುವಾಗ ಬಾಗುತ್ತದೆ. ಆ ಬಾಗುವಿಕೆಯಿಂದಲೇ ಒಳಗಿನ ಪರದೆಯ ಮೇಲೆ ಚಿತ್ರ ಸ್ಪಷ್ಟವಾಗಿ ಮೂಡುವುದು. ಕಣ್ಣಿನ ಮುಂಭಾಗವೂ ಹೆಚ್ಚುಕಡಿಮೆ ನೀರಿನಂಥದ್ದೇ. ನೀರಿನಿಂದ ನೀರಿನಂಥದ್ದಕ್ಕೆ ಹೋಗುವಾಗ ಬೆಳಕಿಗೆ ಬಾಗಲು ಕಾರಣವೇ ಸಿಗುವುದಿಲ್ಲ. ಕಣ್ಣಿನ ಮುಂದೆ ಒಂದಿಷ್ಟು ಗಾಳಿ ಇಟ್ಟರೆ ಸಮಸ್ಯೆ ಮುಗಿಯಿತು. ಮಾಸ್ಕ್ ಎಂದರೆ ಅಷ್ಟೇ, ಕಣ್ಣಿನ ಮುಂದೆ ಗಾಳಿ ತುಂಬಿದ ಒಂದು ಪುಟ್ಟ ಕೋಣೆ. ಆ ಕೋಣೆಯ ಕಿಟಕಿಯಿಂದ ನೋಡಿದರೆ ಮೀನು ಇರುವುದಕ್ಕಿಂತ ಮೂರರಲ್ಲಿ ಒಂದು ಭಾಗ ದೊಡ್ಡದಾಗಿ ಕಾಣುತ್ತದೆ. ಮುಳುಗಿ ಬಂದವರು ಮೀನಿನ ಗಾತ್ರ ಹೇಳುವಾಗ ಸ್ವಲ್ಪ ಕಳೆದು ಕೇಳಿಸಿಕೊಳ್ಳಿ.

ಹಾಗಾದರೆ ಈಜುಕೊಳದ ಕನ್ನಡಕದಲ್ಲೂ ಗಾಳಿ ಇದೆಯಲ್ಲ? ಇದೆ. ಇಲ್ಲದಿರುವುದು ಮೂಗು.

ಇನ್ನೊಂದು ಪ್ರಯೋಗ. ಸ್ಟೀಲ್ ಲೋಟದ ತಳಕ್ಕೆ ಒಣ ಕಾಗದದ ಉಂಡೆ ತುರುಕಿ, ಲೋಟವನ್ನು ಬೋರಲು ಹಿಡಿದು ನೇರವಾಗಿ ಬಕೆಟ್ಟಿನಲ್ಲಿ ಮುಳುಗಿಸಿ, ಹಾಗೇ ಮೇಲೆತ್ತಿ. ಕಾಗದ ಒಣಗಿಯೇ ಇರುತ್ತದೆ. ಒಳಗಿನ ಗಾಳಿ ಜಾಗ ಬಿಟ್ಟುಕೊಟ್ಟಿಲ್ಲ. ಈಗ ಅದೇ ಲೋಟವನ್ನು ಸಮುದ್ರದಲ್ಲಿ 10 ಮೀಟರ್ ಆಳಕ್ಕೆ ಒಯ್ದೆವು ಅಂದುಕೊಳ್ಳಿ. ಅಷ್ಟು ಎತ್ತರದ ನೀರಿನ ಭಾರವು ನಮ್ಮ ತಲೆಯ ಮೇಲಿನ ಇಡೀ ವಾಯುಮಂಡಲದ ಭಾರಕ್ಕೆ ಸಮ. ಅಂದರೆ ಒತ್ತಡ ಎರಡು ಪಟ್ಟಾಯಿತು. ಲೋಟದ ಗಾಳಿ ಮುದುಡಿ ಅರ್ಧಕ್ಕೆ ಇಳಿಯುತ್ತದೆ, ಉಳಿದರ್ಧಕ್ಕೆ ನೀರು ಏರುತ್ತದೆ. ಕನ್ನಡಕದೊಳಗಿನ ಗಾಳಿಗೂ ಇದೇ ಗತಿ. ಆದರೆ ಅಲ್ಲಿಗೆ ನೀರು ಬರಲಾರದು; ಹಾಗಾಗಿ ಮುದುಡಿದ ಗಾಳಿ ಕಣ್ಣನ್ನೇ ಹೊರಕ್ಕೆ ಎಳೆಯುತ್ತದೆ. ಕಣ್ಣಿನ ಸಣ್ಣ ರಕ್ತನಾಳಗಳು ಒಡೆಯಬಹುದು. ಮಾಸ್ಕಿನಲ್ಲಿ ಮೂಗು ಒಳಗಿರುತ್ತದೆ. ಮುಖ ಬಿಗಿಯಿತು ಅನ್ನಿಸಿದ ಕೂಡಲೇ ಮೂಗಿನಿಂದ ಚೂರೇ ಚೂರು ಗಾಳಿ ಊದಿದರೆ ಸಾಕು, ಕೋಣೆ ಮತ್ತೆ ತುಂಬುತ್ತದೆ.

ಮೂಗಿಗೆ ಇನ್ನೊಂದು ಕೆಲಸವೂ ಇದೆ. ಒಂದೆರಡು ಮೀಟರ್ ಇಳಿಯುವಷ್ಟರಲ್ಲೇ ಕಿವಿ ನೋಯಲು ಶುರು, ತಮಟೆಯನ್ನು ಹೊರಗಿನಿಂದ ಒತ್ತಿದ ಹಾಗೆ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಿದರೆ ಗಂಟಲಿನಿಂದ ಕಿವಿಗೆ ಹೋಗುವ ಸಣ್ಣ ನಾಳ ತೆರೆದು ನೋವು ಹೋಗುತ್ತದೆ. 300 ವರ್ಷಗಳ ಹಿಂದೆ ಇಟಲಿಯಲ್ಲಿದ್ದ ವಲ್ಸಾಲ್ವಾ ಎಂಬ ವೈದ್ಯರ ಹೆಸರನ್ನು ಈ ಉಪಾಯಕ್ಕೆ ಇಟ್ಟಿದ್ದಾರೆ. ಅದಕ್ಕೇ ಮಾಸ್ಕಿನ ಮೂಗಿನ ಚೀಲ ಮೆತ್ತಗಿರಬೇಕು, ಹೊರಗಿನಿಂದ ನಿಮ್ಮ ಬೆರಳುಗಳಿಗೆ ಸಿಗಬೇಕು.

ಅಂಗಡಿಯಲ್ಲಿ ಹೀಗೆ ಪರೀಕ್ಷೆ ಮಾಡಿ. ಪಟ್ಟಿಯನ್ನು ತಲೆಗೆ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಿಂದ ಸ್ವಲ್ಪ ಉಸಿರೆಳೆದು, ಕೈ ಬಿಡಿ. ಅಂಟಿಕೊಂಡು ನಿಂತರೆ ಅದು ನಿಮ್ಮದು. ಜಾರಿದರೆ, ಎಷ್ಟೇ ಚೆಂದವಿದ್ದರೂ ಬೇರೆಯವರದು. ನೇತ್ರಾಣಿಯಲ್ಲಿ ಮೊದಲ ಸಲ ಮುಳುಗಿದಾಗ ನನ್ನ ಮಾಸ್ಕಿನೊಳಗೆ ನೀರು ಬಂದದ್ದೇ ಬಂದದ್ದು. ಪಟ್ಟಿ ಬಿಗಿದೆ, ಇನ್ನಷ್ಟು ಬಿಗಿದೆ, ಹಣೆಯ ಮೇಲೆ ಬಳೆಯಂತೆ ಗುರುತು ಬಿತ್ತು. ಸೋರುವುದು ನಿಲ್ಲಲಿಲ್ಲ. ಕಲಿಸುವವರು ನಕ್ಕು ತಮ್ಮ ಮೇಲ್ತುಟಿ ತೋರಿಸಿದರು. ತಪ್ಪು ಮಾಸ್ಕಿನದಲ್ಲ, ನನ್ನ ಮೀಸೆಯದು.

ಈಗ ಉಸಿರಿನ ವಿಷಯ. ಪರಂಗಿ ಎಲೆಯ ದಂಟು ಕಿತ್ತು, ಬಾಯಲ್ಲಿಟ್ಟುಕೊಂಡು, ಕೆರೆಯಲ್ಲಿ ತಲೆ ಮುಳುಗಿಸಿ ಕೂರುವ ಆಟ ನಮ್ಮ ಕಾಲದಲ್ಲಿತ್ತು. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನ ಪಾತ್ರ ಯಾವಾಗಲೂ ನನಗೇ. ನಾನು ಎಣಿಸಿದ್ದು: ದಂಟು ಇನ್ನೂ ಉದ್ದವಿದ್ದರೆ ಕೆರೆಯ ತಳಕ್ಕೇ ಹೋಗಬಹುದು. ಸಾಧ್ಯವಿಲ್ಲ. ಒಂದೇ ಒಂದು ಮೀಟರ್ ಆಳದಲ್ಲಿ ಎದೆಯ ಪ್ರತಿ ಚದರ ಸೆಂಟಿಮೀಟರಿನ ಮೇಲೆ 100 ಗ್ರಾಂ ಹೆಚ್ಚಿನ ಭಾರ ಬೀಳುತ್ತದೆ. ಎದೆ 30 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ ಅಂದುಕೊಂಡರೆ ಒಟ್ಟು 90 ಕಿಲೋ. ದಪ್ಪ ಮಾಮನೊಬ್ಬ ಎದೆಯ ಮೇಲೆ ಕುಳಿತಾಗ ಉಸಿರೆಳೆದು ನೋಡಿ! ದಂಟಿನಲ್ಲಿ ಬರುವ ಗಾಳಿಗೆ ಅವನನ್ನು ಎತ್ತುವ ಶಕ್ತಿ ಇಲ್ಲ. ಅಂಗಡಿಯಲ್ಲಿ ಸಿಗುವ ಸ್ನಾರ್ಕೆಲ್ ಕೊಳವೆ ಎರಡು ಗೇಣಿಗಿಂತ ಉದ್ದ ಇರದಿರುವುದು ಈ ಕಾರಣಕ್ಕೆ. ಈ ಆಟವನ್ನು ನೀವು ಕೆರೆ ಬಾವಿಗಳಲ್ಲಿ ಆಡಕೂಡದು. ನಾವು ಆಡಿದ್ದು ದಡ್ಡತನದಿಂದ.

ಹಾಗಾದರೆ ಆಳದಲ್ಲಿ ಬೇಕಾದದ್ದು ಬರೀ ಗಾಳಿಯಲ್ಲ, ಆ ಆಳದ ನೀರಿನಷ್ಟೇ ಬಲವಾಗಿ ಒತ್ತುವ ಗಾಳಿ. ಇದನ್ನು ಚೆನ್ನಾಗಿ ಬಗೆಹರಿಸಿದ್ದು 1943ರಲ್ಲಿ, ಯುದ್ಧದ ನಡುವೆ, ಫ್ರಾನ್ಸಿನಲ್ಲಿ. ಪೆಟ್ರೋಲ್ ಸಿಗದ ಕಾಲ. ಕಾರುಗಳನ್ನು ಗ್ಯಾಸಿನಿಂದ ಓಡಿಸಬೇಕಿತ್ತು. ಎಂಜಿನ್ ಎಷ್ಟು ಎಳೆಯುತ್ತದೋ ಅಷ್ಟೇ ಗ್ಯಾಸ್ ಬಿಡುವ ಒಂದು ಕವಾಟವನ್ನು ಎಮಿಲ್ ಗಾನ್ಯಾ ಎಂಬ ಎಂಜಿನಿಯರ್ ಮಾಡಿದ್ದರು. ನೌಕಾಪಡೆಯ ಅಧಿಕಾರಿ ಜಾಕ್ ಕುಸ್ಟೊ ಕೇಳಿದ್ದು ಅಂಥದ್ದನ್ನೇ, ಆದರೆ ಕಾರಿನ ಎಂಜಿನ್ನಿಗಲ್ಲ, ಮನುಷ್ಯನ ಎದೆಗೂಡಿಗೆ. ಇಬ್ಬರೂ ಸೇರಿ ಯಂತ್ರ ಮಾಡಿ, ಪ್ಯಾರಿಸ್ ಬಳಿಯ ಮಾರ್ನ್ ನದಿಯಲ್ಲಿ ಪರೀಕ್ಷಿಸಿದರು. ಕುಸ್ಟೊ ಅಡ್ಡಲಾಗಿ ಈಜಿದರೆ ಸರಿಯಾಗಿತ್ತು. ನೆಟ್ಟಗೆ ನಿಂತರೆ ಗಾಳಿ ಸುಮ್ಮನೆ ಬುಸಬುಸನೆ ಸೋರಿಹೋಗುತ್ತಿತ್ತು. ತಲೆಕೆಳಗಾದರೆ ಉಸಿರೆಳೆಯುವುದೇ ಕಷ್ಟವಾಗುತ್ತಿತ್ತು. ಯಾಕೆ? ಗಾಳಿ ಒಳಬರುವ ಜಾಗ ಮತ್ತು ಹೊರಹೋಗುವ ಜಾಗ ಒಂದೇ ಮಟ್ಟದಲ್ಲಿರಲಿಲ್ಲ. ನೆಟ್ಟಗೆ ನಿಂತಾಗ ಒಂದು ಮೇಲೆ, ಒಂದು ಕೆಳಗೆ. ಅಷ್ಟು ಸಣ್ಣ ಅಂತರದ ನೀರಿನ ಒತ್ತಡ ಇಡೀ ಯಂತ್ರವನ್ನು ಕಂಗೆಡಿಸಿತ್ತು! ಎರಡನ್ನೂ ಅಕ್ಕಪಕ್ಕ ತಂದಿಟ್ಟರು, ಅಷ್ಟೇ. ಯಂತ್ರ ಸರಿಹೋಯಿತು. ನನಗೆ ಕುಸ್ಟೊ ಮುಂದೆ ತೆಗೆದ ಸಿನಿಮಾಗಳಿಗಿಂತ ಈ ತಪ್ಪು ತಿದ್ದಿದ ಕತೆಯೇ ಹೆಚ್ಚು ಇಷ್ಟ.

ಇವತ್ತಿನ ರೆಗ್ಯುಲೇಟರ್ ಅದರದೇ ಮೊಮ್ಮಗು. ಬಾಯಲ್ಲಿ ಕಚ್ಚುವ ಡಬ್ಬಿಯೊಳಗೆ ತೆಳ್ಳನೆಯ ರಬ್ಬರ್ ಪೊರೆ ಇದೆ. ಅದರ ಹೊರಗಡೆ ಸಮುದ್ರ, ಒಳಗಡೆ ನಿಮ್ಮ ಉಸಿರು. ಉಸಿರೆಳೆದರೆ ಪೊರೆ ಒಳಕ್ಕೆ ಬಗ್ಗಿ ಒಂದು ಸನ್ನೆಯನ್ನು ಒತ್ತುತ್ತದೆ, ಗಾಳಿ ಬರುತ್ತದೆ. ಪೊರೆಯ ಎರಡೂ ಕಡೆ ಒತ್ತಡ ಸಮವಾದಾಗ ನಿಲ್ಲುತ್ತದೆ. ಜೊತೆಗೆ ಹಳದಿ ಬಣ್ಣದ ಇನ್ನೊಂದು ಡಬ್ಬಿ ನೇತಾಡುತ್ತಿರುತ್ತದೆ. ಅದು ನಿಮ್ಮದಲ್ಲ, ಗಾಳಿ ಮುಗಿದ ಗೆಳೆಯನದು. ಗಾಬರಿಯಲ್ಲೂ ಬೇಗ ಕಾಣಲೆಂದು ಹಳದಿ.

ಇನ್ನು ಸಿಲಿಂಡರ್. ಎಲ್ಲರೂ ಅದನ್ನು "ಆಕ್ಸಿಜನ್ ಸಿಲಿಂಡರ್" ಅನ್ನುತ್ತಾರೆ. ತಪ್ಪು. ಅದರಲ್ಲಿರುವುದು ನಾವು ನೀವು ಉಸಿರಾಡುವ ಮಾಮೂಲಿ ಗಾಳಿ, ಸೋಸಿ ಒತ್ತಿ ತುಂಬಿದ್ದು. ಶುದ್ಧ ಆಕ್ಸಿಜನ್ ಆರು ಮೀಟರಿನಿಂದ ಕೆಳಗೆ ವಿಷದಂತೆ ವರ್ತಿಸುತ್ತದೆ. 11 ಲೀಟರ್ ಹಿಡಿಸುವ ಸಿಲಿಂಡರಿನಲ್ಲಿ ವಾಯುಮಂಡಲದ 200 ಪಟ್ಟು ಒತ್ತಡ ಹಾಕಿ ಸುಮಾರು 2200 ಲೀಟರ್ ಗಾಳಿ ತುರುಕಿರುತ್ತಾರೆ. ಆ ಗಾಳಿಯ ತೂಕವೇ ಎರಡೂವರೆ ಕಿಲೋ ದಾಟುತ್ತದೆ! ದೊಡ್ಡವರೊಬ್ಬರು ನಿಮಿಷಕ್ಕೆ 20 ಲೀಟರ್ ಉಸಿರಾಡಿದರೆ ದಡದಲ್ಲಿ 110 ನಿಮಿಷ ಬರುತ್ತದೆ. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು, ಹಾಗಾಗಿ 55 ನಿಮಿಷ. 20 ಮೀಟರಿನಲ್ಲಿ ಎಷ್ಟು? ಲೆಕ್ಕದ ನೋಟ್‌ಬುಕ್ ತನ್ನಿ.

ಸಿಲಿಂಡರನ್ನು ಕೊಳ್ಳಬೇಡಿ ಎಂದದ್ದು ಯಾಕೆಂದರೆ, ಅದಕ್ಕೆ ಗಾಳಿ ತುಂಬಲು ದೊಡ್ಡ ಕಂಪ್ರೆಸರ್ ಬೇಕು, ಆಗಾಗ ಗಟ್ಟಿತನದ ಪರೀಕ್ಷೆಯಾಗಬೇಕು. ಕಲಿಸುವ ಕಡೆಯೇ ಕೊಡುತ್ತಾರೆ. ರೆಗ್ಯುಲೇಟರ್, ಗಾಳಿ ತುಂಬುವ ಜಾಕೆಟ್, ಸೀಸದ ತೂಕದ ಬೆಲ್ಟ್ ಕೂಡ ಹಾಗೇ. ಸೂಟು ಬೇಕು, ಯಾಕೆಂದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿಯನ್ನು ಕದಿಯುತ್ತದೆ. ಆದರೆ ನಮ್ಮ ಕರಾವಳಿಯ ನೀರು ಬೆಚ್ಚಗಿದೆ, 3 ಮಿಲಿಮೀಟರ್ ದಪ್ಪದ್ದು ಸಾಕು. ಬೆಳೆಯುವ ಮಕ್ಕಳು ಸ್ವಂತಕ್ಕೆ ಕೊಂಡರೆ ಮುಂದಿನ ವರ್ಷ ತಮ್ಮನಿಗೆ.

ಕೆಂಪು ಫಿನ್‌ಗಳಿಗಾಗಿ ಮಾತ್ರ ಅವಳು ಹೋರಾಡಿದಳು. ನೀರು ಬೆಳಕಿನಲ್ಲಿ ಮೊದಲು ನುಂಗುವುದೇ ಕೆಂಪನ್ನು. ಹತ್ತು ಮೀಟರ್ ಇಳಿದರೆ ಅವಳ ಕೆಂಪು ಫಿನ್ ಮಣ್ಣುಬಣ್ಣ. ಈ ವಾದಕ್ಕೆ ಅವಳು ಸೋತಳು. ಪಾದ ವರ್ಷಕ್ಕೊಂದು ಅಳತೆ ಬೆಳೆಯುತ್ತಿದೆ ಎಂಬ ವಾದಕ್ಕೆ ಸೋಲಲಿಲ್ಲ.

ಆಳದಿಂದ ಮೇಲೆ ಬರುವ ಬಗ್ಗೆ ಎರಡು ಮಾತು ಹೇಳದೆ ಬಿಡಲಾರೆ. ಸೋಡಾ ಬಾಟಲಿಯ ಮುಚ್ಚಳವನ್ನು ಗಬಕ್ಕನೆ ತೆಗೆದರೆ ಗುಳ್ಳೆ ಉಕ್ಕುತ್ತದೆ, ಮೆಲ್ಲಗೆ ತೆಗೆದರೆ ಇಲ್ಲ. ಆಳದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್ ರಕ್ತದಲ್ಲಿ ಹಾಗೇ ಕರಗಿರುತ್ತದೆ. ಅದಕ್ಕೇ ನಿಧಾನವಾಗಿ ಏರಬೇಕು, 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲಬೇಕು. ಕೈಗಡಿಯಾರದಂಥ ಡೈವ್ ಕಂಪ್ಯೂಟರ್ ಇದನ್ನೆಲ್ಲ ಲೆಕ್ಕ ಇಡುತ್ತದೆ. ಎರಡನೆಯದು ಇನ್ನೂ ಮುಖ್ಯ: ಸಿಲಿಂಡರಿನ ಗಾಳಿ ಉಸಿರಾಡುವಾಗ ಎಂದಿಗೂ ಉಸಿರು ಬಿಗಿಹಿಡಿಯಬಾರದು. 10 ಮೀಟರಿನಲ್ಲಿ ತುಂಬಿಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ, ಶ್ವಾಸಕೋಶ ಬಲೂನಲ್ಲ. ತರಬೇತಿ ಪಡೆದ ಗುರುಗಳಿಲ್ಲದೆ ಸಿಲಿಂಡರ್ ಮುಟ್ಟಬೇಡಿ.

ಕೊನೆಗೆ ಅವಳು ಮಾಸ್ಕ್ ಕೊಂಡಳು. ಹೊಸ ಮಾಸ್ಕಿನ ಗಾಜಿನ ಮೇಲೆ ತಯಾರಿಕೆಯಲ್ಲಿ ಉಳಿದ ತೆಳು ಪೊರೆಯೊಂದು ಇರುತ್ತದೆ. ಅದಿದ್ದರೆ ಗಾಜು ಮಬ್ಬಾಗುತ್ತದೆ. ಬೆರಳಿಗೆ ಟೂತ್‌ಪೇಸ್ಟ್ ಹಚ್ಚಿ ಒಳಗಡೆ ಎರಡು ಮೂರು ಸಲ ಉಜ್ಜಿ ತೊಳೆಯಬೇಕು. ಆಮೇಲೆ ಪ್ರತಿ ಸಲ ನೀರಿಗಿಳಿಯುವ ಮುಂಚೆ ಗಾಜಿಗೆ ಉಗುಳಿ, ಸವರಿ, ಜಾಲಿಸಬೇಕು. ಎಂಜಲಿನ ಪೊರೆ ನೀರಾವಿಯನ್ನು ಹನಿಯಾಗಲು ಬಿಡುವುದಿಲ್ಲ. ಹೌದು, ದೊಡ್ಡ ದೊಡ್ಡ ಮುಳುಗುಗಾರರೂ ಉಗುಳುತ್ತಾರೆ. ಇದನ್ನು ಓದಿ ಹೇಳಿದಾಗ ನನ್ನ ತಂಗಿ ನನ್ನನ್ನೇ ದುರುಗುಟ್ಟಿ ನೋಡಿದಳು.

ನೀವೂ ಮಾಸ್ಕ್ ಕೊಳ್ಳಲು ಹೋಗುವ ದಿನ ಕೂದಲನ್ನು ಹಿಂದಕ್ಕೆ ಬಿಗಿಯಾಗಿ ಕಟ್ಟಿಕೊಂಡು ಹೋಗಿ. ರಬ್ಬರಿನ ಅಂಚಿಗೆ ಒಂದೆಳೆ ಕೂದಲು ಸಿಕ್ಕಿದರೂ ನನ್ನ ಮೀಸೆಯ ಕತೆಯೇ.