ಮಕ್ಕಳಿಗೆ ತೋರಿಸತಕ್ಕ ಚಿತ್ರಚರಿತ್ರೆಗಳು





ಅಕ್ಷರವನ್ನರಿಯದ ಕೂಸು ಕೂಡ ಚಿತ್ರವನ್ನು ಓದಬಲ್ಲುದು. ಮಠದ ಭಿತ್ತಿಯ ಮೇಲೆ ಶರಣರ ಲೀಲೆಗಳನ್ನು ಕಂಡು ಬೆಳೆದ ಮಗುವಿಗೆ ಆ ಶರಣರು ಮನೆಯ ಹಿರಿಯರಂತೆ ಪರಿಚಿತರಾಗುವರು. ಪುರಾಣಶ್ರವಣವು ಆಮೇಲಿನ ಮಾತು. ಆದರೆ ಯಾವ ಮಗುವಿಗೆ ತನ್ನವರ ಚಿತ್ರವೇ ದೊರೆಯದೋ, ದೊರೆತರೂ ಪರಿಹಾಸ್ಯಕ್ಕಾಗಿ ಬರೆದುದೇ ದೊರೆಯುವುದೋ, ಆ ಮಗುವಿನ ಗತಿಯೇನು? ಅಮೇರಿಕೆಯಲ್ಲಿ ಆಫ್ರಿಕಾ ಮೂಲದ ಕಪ್ಪುವರ್ಣದ ಜನರ ಮಕ್ಕಳಿಗೆ ಬಹುಕಾಲ ಒದಗಿದ್ದುದು ಇದೇ ದುಃಸ್ಥಿತಿ.

ಅಲ್ಲಿಯ ವಿದ್ವಾಂಸರಾದ ಡಬ್ಲ್ಯು. ಇ. ಬಿ. ಡುಬಾಯ್ಸ್ ಎಂಬವರು ತಮ್ಮ ಜನರಿಗಾಗಿ 'ಕ್ರೈಸಿಸ್' ಎಂಬ ಪತ್ರಿಕೆಯನ್ನು ನಡೆಸುತ್ತಿದ್ದರು. ಅದರಲ್ಲಿ ಬರುತ್ತಿದ್ದ ಹಿಂಸೆಯ ವಾರ್ತೆಗಳನ್ನು ಮಕ್ಕಳೂ ಓದುತ್ತಿದ್ದರು. ಹನ್ನೆರಡು ವರ್ಷದ ಬಾಲಿಕೆಯೊಬ್ಬಳು, ಬಿಳಿಯರು ತನ್ನನ್ನು ದ್ವೇಷಿಸುವಂತೆಯೇ ತಾನೂ ಅವರನ್ನು ದ್ವೇಷಿಸುವುದಾಗಿ ಬರೆದುದನ್ನು ಅವರು 1919ರಲ್ಲಿ ವ್ಯಥೆಯಿಂದ ಪ್ರಸ್ತಾಪಿಸಿದರು. ಅನ್ಯಾಯವನ್ನು ಮಕ್ಕಳಿಂದ ಬಚ್ಚಿಡಲಾಗದು. ಹಾಗೆಂದು ದ್ವೇಷವನ್ನು ಕಲಿಸಲೂ ಆಗದು. ಈ ಸಂಕಟದಿಂದಲೇ 1920ರ ಜನವರಿಯಲ್ಲಿ 'ಬ್ರೌನೀಸ್ ಬುಕ್' ಎಂಬ ಸಚಿತ್ರ ಮಾಸಪತ್ರಿಕೆಯು ಹುಟ್ಟಿತು. ಜೆಸ್ಸಿ ಫಾಸೆಟ್ ಎಂಬ ವಿದುಷಿಯು ಅದರ ಸಾಹಿತ್ಯಭಾರವನ್ನು ಹೊತ್ತಿದ್ದಳು. ಕಥೆ, ಆಟ, ಚಿತ್ರಗಳೊಡನೆ ಆ ಜನಾಂಗದ ಧೀರರ ಚರಿತ್ರೆಗಳೂ ಅದರಲ್ಲಿ ಅಚ್ಚಾದುವು. 1921ರ ಡಿಸೆಂಬರಿಗೆ ಅದು ನಿಂತುಹೋದರೂ, ಬಿತ್ತಿದ ಬೀಜವು ಕೆಡಲಿಲ್ಲ.

ಆ ಧೀರರಲ್ಲಿ ಹ್ಯಾರಿಯೆಟ್ ಟಬ್‌ಮನ್ ಎಂಬವಳು ಅಗ್ರಗಣ್ಯಳು. 1822ರ ಸುಮಾರಿಗೆ ಮೇರಿಲ್ಯಾಂಡ್ ಸೀಮೆಯಲ್ಲಿ ಗುಲಾಮರ ಮಗಳಾಗಿ ಹುಟ್ಟಿದವಳು. ಕಾವಲುಗಾರನೊಬ್ಬನು ಮತ್ತೊಬ್ಬ ಗುಲಾಮನೆಡೆಗೆ ಎಸೆದ ತೂಕದ ಕಬ್ಬಿಣವು ಈ ಬಾಲಿಕೆಯ ತಲೆಗೆ ತಗುಲಿ, ಜೀವಮಾನವೆಲ್ಲ ಹಠಾತ್ತನೆ ನಿದ್ರೆ ಕವಿಯುವ ವ್ಯಾಧಿಯುಂಟಾಯಿತು. ಓದುಬರಹವಿಲ್ಲ, ದೈವಭಕ್ತಿಯೊಂದೇ ಬಲ. 1849ರಲ್ಲಿ ತಪ್ಪಿಸಿಕೊಂಡು ಸ್ವತಂತ್ರಳಾದಳು. ಆದರೆ ತಾನೊಬ್ಬಳೇ ಬಿಡುಗಡೆ ಹೊಂದಿ ಬಂಧುಗಳು ಬಂಧನದಲ್ಲಿರುವುದನ್ನು ಸಹಿಸಲಾರದೆ, ಮರಳಿ ಮರಳಿ ಅದೇ ಸೀಮೆಯನ್ನು ಹೊಕ್ಕು, ಚಳಿಗಾಲದ ದೀರ್ಘರಾತ್ರಿಗಳಲ್ಲಿ ಅವರನ್ನು ನಡೆಸಿಕೊಂಡು ಕೆನಡಾ ದೇಶದವರೆಗೆ ಮುಟ್ಟಿಸಿದಳು. 1863ರಲ್ಲಿ ಕೊಂಬಾಹೀ ನದಿಯಲ್ಲಿ ಸೈನ್ಯದ ಹಡಗುಗಳಿಗೆ ದಾರಿ ತೋರಿ 700ಕ್ಕೂ ಮಿಕ್ಕಿದ ಜನರ ಬಿಡುಗಡೆಗೆ ನೆರವಾದಳು. 1913ರಲ್ಲಿ ದೇಹವಿಟ್ಟಳು.

ಇಲ್ಲಿ ಭಕ್ತರು ಲಕ್ಷ್ಯವಿಡತಕ್ಕ ಸಂಗತಿಯೊಂದುಂಟು. ಆಕೆಯ ಮೊದಲಿನ ಚರಿತ್ರಕಾರಳು, ಆಕೆ 19 ಸಲ ಹೋಗಿ 300 ಜನರನ್ನು ತಂದಳೆಂದು ಬರೆದಳು. ಈಚಿನ ಸಂಶೋಧಕರು ದಾಖಲೆಗಳನ್ನು ಶೋಧಿಸಿ, ಸುಮಾರು 13 ಸಲ, ಸುಮಾರು 70 ಜನರೆಂದು ನಿರ್ಣಯಿಸಿದ್ದಾರೆ. ಇದರಿಂದ ಆಕೆಯ ಮಹಿಮೆಯು ಕುಂದಿತೇ? ಒಂದು ಸಲ ತಪ್ಪಿಸಿಕೊಂಡ ಸೆರೆಮನೆಗೆ ಇತರರಿಗಾಗಿ ಒಂದು ಸಲ ಮರಳುವುದೇ ದುಸ್ತರ. ಹದಿಮೂರು ಸಲ ಮರಳಿದವಳಿಗೆ ಉತ್ಪ್ರೇಕ್ಷೆಯ ಆಭರಣವೇತಕ್ಕೆ? ಕೈಕಂಕಣಕ್ಕೆ ಕನ್ನಡಿ ಬೇಡ. ಮಕ್ಕಳಿಗೆ ಹಿಗ್ಗಿಸಿ ಹೇಳಿದ ಕಥೆಯು ಅವರು ದೊಡ್ಡವರಾಗಿ ಶೋಧಿಸಿದ ದಿನ ಒಡೆಯುವುದು. ಒಡೆಯುವಾಗ ಅದರೊಳಗಿನ ನಿಜವನ್ನೂ ಒಡೆದುಕೊಂಡು ಹೋಗುವುದು. ಶರಣರ ಚರಿತ್ರೆಯನ್ನು ಹೇಳುವವರಿಗೂ ಈ ಎಚ್ಚರವು ಸಲ್ಲತಕ್ಕದ್ದು.

ಚಿತ್ರಕ್ಕೂ ಇದೇ ನ್ಯಾಯ. ಜೇಕಬ್ ಲಾರೆನ್ಸ್ ಎಂಬ ಕಪ್ಪುವರ್ಣದ ಚಿತ್ರಕಾರನು 1939-40ರಲ್ಲಿ ಈಕೆಯ ಜೀವನವನ್ನು 31 ಫಲಕಗಳಲ್ಲಿ ಬರೆದನು. 1968ರಲ್ಲಿ ಮಕ್ಕಳಿಗಾಗಿ ಪುಸ್ತಕವನ್ನೇ ಚಿತ್ರಿಸಿದನು. ಅದರಲ್ಲಿ ನಾಯಿಕೆಯು ಕುರೂಪಳಾಗಿ ಕಾಣುವಳೆಂದು ಆಕ್ಷೇಪವು ಬರಲು, ಅಷ್ಟು ದೂರ ಪ್ರಾಣಭಯದಿಂದ ನಡೆದವರಾರೂ ಹಾಗೆಯೇ ಕಾಣುವರೆಂಬ ಭಾವದ ಉತ್ತರವನ್ನು ಆತನು ಕೊಟ್ಟನು. ಸವೆದ ಪಾದವನ್ನು ಮರೆಮಾಚಿ ಸುಕುಮಾರವಾಗಿ ಬರೆದರೆ ಕಾಯಕವೇ ಅಳಿಸಿಹೋಗುವುದಲ್ಲವೇ?

ಆದಕಾರಣ ತಂದೆತಾಯಿಗಳು ಇಂಥ ಪುಸ್ತಕಗಳನ್ನು ಮಕ್ಕಳ ಕೈಗೆ ಕೊಡುವಾಗ ಬರಿಯ ಸಂಕೋಲೆಯ ಪುಟವನ್ನು ತೋರಿಸಿ ನಿಲ್ಲಿಸಬಾರದು. ಸಂಕೋಲೆಯನ್ನು ಕಂಡ ಮಗುವಿಗೆ ಕರುಣೆ ಹುಟ್ಟುವುದು. ಅದನ್ನು ಕಳಚಿದ ಕೈಯನ್ನು ಕಂಡ ಮಗುವಿಗೆ ಗೌರವ ಹುಟ್ಟುವುದು. ಕರುಣೆಯು ಮೇಲೆ ನಿಂತು ಕೆಳಗೆ ನೋಡುವುದು, ಗೌರವವು ಸಮನಾಗಿ ನಿಲ್ಲುವುದು.

ದೂರದ ದೇಶದ ಈ ಮಾತು ಇಲ್ಲಿಗೇತಕ್ಕೆಂದು ಕೆಲವರು ಕೇಳಬಹುದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಸೀಮೆಗಳಲ್ಲಿ ಆಫ್ರಿಕಾ ಮೂಲದ ಸಿದ್ದಿ ಜನರು ತಲತಲಾಂತರದಿಂದ ನೆಲೆಸಿದ್ದಾರೆ. ಅವರ ಮಗುವು ಶಾಲೆಯಲ್ಲಿ ಬಂದು ಪಕ್ಕದಲ್ಲಿ ಕುಳಿತಾಗ, ಭಕ್ತರ ಮಗುವು ಅದರ ಕೇಶವನ್ನೂ ವರ್ಣವನ್ನೂ ನೋಡಿ ನಗುವುದೋ, ಹ್ಯಾರಿಯೆಟಳನ್ನು ನೆನೆದು ಸ್ಥಳ ಬಿಡುವುದೋ, ಅದು ಮನೆಯಲ್ಲಿ ತೋರಿಸಿದ ಚಿತ್ರವನ್ನು ಅವಲಂಬಿಸಿದೆ. ಅಂಗದ ಬಣ್ಣವನ್ನು ಲಿಂಗವು ಕೇಳುವುದಿಲ್ಲವೆಂಬುದನ್ನು ಉಪದೇಶದಿಂದ ಅರಿಯುವ ಮೊದಲೇ ಮಗುವು ಕಣ್ಣಿನಿಂದ ಅರಿಯಲಿ.